ಜನ ಸಿಗ್ತಿಲ್ಲ, ಕೆಲಸ ಸಿಗ್ತಿಲ್ಲ: ಎರಡೂ ಮಾತು ಒಂದೇ ಮನೆಯಲ್ಲಿ

ಮೂಡಿಗೆರೆಯಿಂದ ಕಳಸದವರೆಗೆ ಯಾವುದೇ ತೋಟದ ಮನೆಗೆ ಹೋಗಿ, ಕಾಫಿ ಲೋಟ ಕೈಗೆ ಬರುವ ಮೊದಲೇ ಮಾತು ಅಲ್ಲಿಗೇ ಬರುತ್ತೆ. "ಜನಾನೇ ಇಲ್ಲ ಮಾರಾಯ್ರೆ, ಇನ್ನೆಷ್ಟು ವರ್ಷ ತೋಟ ಮಾಡೋದು?" ಅದೇ ಮನೆಯ ಮಗ ಡಿಗ್ರಿ ಮುಗಿಸಿ ಬೆಂಗಳೂರಲ್ಲಿ ರೂಮ್ ಮಾಡ್ಕೊಂಡು ಕೆಲಸ ಹುಡುಕ್ತಾ ಇರ್ತಾನೆ. ಲೈನ್ ಮನೆಯ ಹುಡುಗ ಅದೇ ಬೆಂಗಳೂರಲ್ಲಿ ಡೆಲಿವರಿ ಬ್ಯಾಗ್ ಹೊತ್ತು ಓಡಾಡ್ತಾ ಇರ್ತಾನೆ. ಒಂದು ಕಡೆ ಕೆಲಸಕ್ಕೆ ಜನ ಇಲ್ಲ, ಇನ್ನೊಂದು ಕಡೆ ಜನಕ್ಕೆ ಕೆಲಸ ಇಲ್ಲ. ಎರಡೂ ಒಟ್ಟಿಗೆ ನಿಜ ಆಗೋದು ಹೇಗೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಕಾಫಿ ಕೊಯ್ಲಿಗೆ ಜನ ಬೇಕು ಅಂದ್ರೆ ಕಷ್ಟಪಟ್ಟಾದ್ರೂ ಸಿಗ್ತಾರೆ. ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ತಂಡ ಬರುತ್ತೆ, ಬಯಲುಸೀಮೆಯಿಂದ ಬರ್ತಾರೆ. ಸಿಗದೇ ಇರೋದು ಕಸುಬು ಗೊತ್ತಿರುವ ಕೈ. ಮರಗಸಿ ಮಾಡೋರು, ಕಾಂಡಕೊರಕ ಬಿದ್ದ ಗಿಡ ಗುರುತಿಸೋರು, ಗಿಡ ಕಸಿ ಮಾಡೋರು, ಮೆಣಸು ಇಳಿಸೋರು, ಪಲ್ಪರ್ ರಿಪೇರಿ ಮಾಡೋರು. ಈ ಕಸುಬನ್ನೆಲ್ಲ ನಾವು 'ಕೂಲಿ' ಅನ್ನೋ ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದೀವಿ. ಕಲಿಸೋಕೆ ಜಾಗ ಇಲ್ಲ, ಹೆಸರಿಲ್ಲ, ವಿಮೆ ಇಲ್ಲ. ಹಾಗಾಗಿ ಅದು ಒಂದು ಉದ್ಯೋಗ ಅಂತ ಹುಡುಗರ ಕಣ್ಣಿಗೂ ಬೀಳಲ್ಲ, ಅವರ ಅಪ್ಪ ಅಮ್ಮನ ಕಣ್ಣಿಗೂ ಬೀಳಲ್ಲ.

ಮರಗಸಿಗೆ ಗುರು ಯಾರು?

ಮರಗಸಿಯನ್ನೇ ತಗೊಳ್ಳಿ. ಹೂಮಳೆ ಮುಗಿದು ಮುಂಗಾರು ಹಿಡಿಯುವ ಮೊದಲು ನೆರಳಿನ ಮರ ಹತ್ತಿ ಕೊಂಬೆ ಇಳಿಸುವ ಕೆಲಸ. ನೋಡಿದವರಿಗೆ ಕತ್ತಿ ಹಿಡಿದು ಕಡಿದಂಗೆ ಕಾಣುತ್ತೆ. ಆದ್ರೆ ಯಾವ ಕೊಂಬೆ ಇಳಿಸಬೇಕು, ಯಾವುದನ್ನು ಬಿಡಬೇಕು ಅನ್ನೋದರಲ್ಲಿ ಇಡೀ ತೋಟದ ಲೆಕ್ಕ ಇದೆ. ಅರೇಬಿಕಾದಲ್ಲಿ ನೆರಳು ಜಾಸ್ತಿ ತೆರೆದರೆ ಕಾಂಡಕ್ಕೆ ಬಿಸಿಲು ಬೀಳುತ್ತೆ, ಬಿಳಿ ಕಾಂಡಕೊರಕಕ್ಕೆ ನಾವೇ ಬಾಗಿಲು ತೆಗೆದ ಹಾಗೆ. ಕಡಿಮೆ ತೆರೆದರೆ ಮಳೆಗಾಲದಲ್ಲಿ ಗಾಳಿ ಬೆಳಕಿಲ್ಲದೆ ಕೊಳೆ ರೋಗ, ಮುಂದಿನ ವರ್ಷ ಹೂವೂ ಕಮ್ಮಿ. ಇಳಿಸಿದ ಕೊಂಬೆ ಕೆಳಗಿನ ಗಿಡದ ಮೇಲೆ ಬೀಳದ ಹಾಗೆ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಹರಿಯದ ಹಾಗೆ ಹಗ್ಗ ಕಟ್ಟಿ ಬಿಡಬೇಕು. ಹಾಲುವಾಣಕ್ಕೆ ಒಂದು ರೀತಿ, ಅತ್ತಿ ಬಸರಿಗೆ ಇನ್ನೊಂದು ರೀತಿ, ಸಿಲ್ವರ್ ಓಕ್‌ಗೆ ಮತ್ತೊಂದು. ನಾನು ತೋಟಗಾರಿಕೆ ಪದವಿಯಲ್ಲಿ ನೆರಳು ನಿರ್ವಹಣೆ ಅಂತ ಓದಿ ಅಂಕ ತಗೊಂಡಿದ್ದೀನಿ. ಮರದ ಮೇಲೆ ಕೂತು ಅದನ್ನು ಮಾಡುವವರು ಮಾತ್ರ ಬೇರೆಯವರು.

ಅವರ ವಯಸ್ಸು ಗಮನಿಸಿದ್ದೀರಾ? ನಿಮ್ಮ ಊರಲ್ಲಿ ಚೆನ್ನಾಗಿ ಮರಗಸಿ ಮಾಡುವ ಐದು ಜನರ ಹೆಸರು ಬರೆಯಿರಿ, ಪಕ್ಕದಲ್ಲಿ ವಯಸ್ಸು ಬರೆಯಿರಿ. ನಮ್ಮ ಕಡೆ ನಲವತ್ತರ ಕೆಳಗಿನವರು ಸಿಗೋದೇ ಕಷ್ಟ. ಸಾಮಾನ್ಯ ಕೂಲಿಯ ಎರಡು ಪಟ್ಟು, ಒಮ್ಮೊಮ್ಮೆ ಮೂರು ಪಟ್ಟು ಕೊಟ್ಟು, ಫೋನ್ ಮೇಲೆ ಫೋನ್ ಮಾಡಿ, ಪಾಳಿ ಹಚ್ಚಿ ಕರೆಸ್ತೀವಿ. ಇಷ್ಟಾದರೂ ಅವರ ಮಕ್ಕಳು ಈ ಕೆಲಸಕ್ಕೆ ಬರಲ್ಲ. ಬರದಿರೋದು ಸರಿ ಅಂತಲೇ ನನಗನ್ನಿಸುತ್ತೆ. ಬಿದ್ದರೆ ಆಸ್ಪತ್ರೆ ಖರ್ಚು ಯಾರು ಕೊಡ್ತಾರೆ ಅಂತ ಗೊತ್ತಿಲ್ಲದ ಕೆಲಸಕ್ಕೆ, ಹೆಣ್ಣು ಕೇಳೋಕೆ ಹೋದಾಗ 'ಹುಡುಗ ಮರ ಹತ್ತುತ್ತಾನೆ' ಅಂತ ಹೇಳಬೇಕಾದ ಕೆಲಸಕ್ಕೆ ಯಾರು ಬರ್ತಾರೆ? ಇಂಗ್ಲೆಂಡ್, ಅಮೆರಿಕದಲ್ಲಿ ಇದೇ ಕೆಲಸ ಮಾಡೋರಿಗೆ ಆರ್ಬರಿಸ್ಟ್ ಅಂತ ಹೆಸರಿದೆ. ಹಗ್ಗ, ಬೆಲ್ಟ್, ಹೆಲ್ಮೆಟ್ ಹಾಕಿ ಮರ ಹತ್ತೋದನ್ನ ಕಲಿಸಿ, ಪರೀಕ್ಷೆ ಮಾಡಿ, ಪ್ರಮಾಣಪತ್ರ ಕೊಡ್ತಾರೆ. ಮರ ಅಲ್ಲೂ ಮರವೇ, ಬಿದ್ದರೆ ಮುರಿಯೋ ಸೊಂಟವೂ ಒಂದೇ.

ಇನ್ನು ಅಲ್ಯೂಮಿನಿಯಂ ಏಣಿ ವಿಷಯ. ಮೆಣಸು ಕೊಯ್ಲಿನ ದಿನಗಳಲ್ಲಿ ಈ ಏಣಿ ಕರೆಂಟ್ ಲೈನ್‌ಗೆ ತಾಗಿ ಜೀವ ಹೋದ ಸುದ್ದಿ ನಮ್ಮ ಜಿಲ್ಲೆಯಲ್ಲೂ ಕೊಡಗಲ್ಲೂ ಓದ್ತಾನೇ ಇರ್ತೀವಿ. ಹಗುರ ಅಂತ ತಂದ ಏಣಿ ಅದು. ಏಣಿ ಎತ್ತುವ ಮೊದಲು ತಲೆ ಎತ್ತಿ ನೋಡು, ಲೈನ್ ಹತ್ತಿರ ಇದ್ದರೆ ಬಿದಿರು ಏಣಿ ತಗೋ, ಇಲ್ಲಾ ಆ ಮರವನ್ನೇ ಬಿಡು ಅಂತ ಕಲಿಸೋಕೆ ಅರ್ಧ ದಿನ ಸಾಕು. ದೂರದ ರಾಜ್ಯದಿಂದ ನಿನ್ನೆ ಬಂದು ಇವತ್ತು ಏಣಿ ಹಿಡಿದ ಹುಡುಗನಿಗೆ ಆ ಅರ್ಧ ದಿನವನ್ನು ಅವನ ಭಾಷೆಯಲ್ಲಿ ಕೊಟ್ಟವರು ಎಷ್ಟು ಜನ? ತರಬೇತಿ ಅಂದ್ರೆ ಬರೀ ಉದ್ಯೋಗದ ಮಾತಲ್ಲ ಅನ್ನೋದಕ್ಕೆ ಇದನ್ನ ಬರೆದೆ.

ತರಬೇತಿ ಇದೆ, ಆದ್ರೆ...

ತರಬೇತಿಗಳೇ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಮೂಡಿಗೆರೆಯಲ್ಲೇ ತೋಟಗಾರಿಕೆ ಕಾಲೇಜು, ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಇವೆ. ಬಾಳೆಹೊನ್ನೂರಿನ ಕಾಫಿ ಸಂಶೋಧನೆ ಶುರುವಾಗಿದ್ದು 1925ರಲ್ಲಿ, ನೂರು ವರ್ಷ ಆಯ್ತು. ಗ್ರಾಮೀಣ ಯುವಜನರಿಗೆ ಏಳು ದಿನದ ಕೌಶಲ್ಯ ತರಬೇತಿ ಯೋಜನೆ ಇದೆ, ಅದನ್ನು ಸ್ಟ್ರೈ ಅಂತ ಕರೀತಾರೆ. ಚಾರ್ಮಾಡಿ ಘಾಟಿ ಇಳಿದರೆ ಉಜಿರೆಯಲ್ಲಿ 1982ರಿಂದ ರುಡ್‌ಸೆಟ್ ಇದೆ, ಊಟ ವಸತಿ ಉಚಿತವಾಗಿ ಕೊಟ್ಟು ಸ್ವಉದ್ಯೋಗ ಕಲಿಸ್ತಾರೆ. ಆ ಮಾದರಿ ನೋಡಿಯೇ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿಗಳು ಬಂದದ್ದು. ರಾಜ್ಯ ಸರ್ಕಾರದ ಕೌಶಲ್ಯಕರ್, ಸ್ಕಿಲ್ ಕನೆಕ್ಟ್ ಪೋರ್ಟಲ್ ನಿಮ್ಮ ಫೋನಲ್ಲೇ ತೆರೆಯುತ್ತೆ.

ತೊಂದರೆ ಎಲ್ಲಿ ಅಂದ್ರೆ, ತುಂಬಾ ಕಡೆ ತರಬೇತಿಯ ಲೆಕ್ಕ ಪ್ರಮಾಣಪತ್ರದ ಸಂಖ್ಯೆಯಲ್ಲಿ ಮುಗಿಯುತ್ತೆ. ಒಮ್ಮೆ ಒಂದು ಕಡೆ ಕಾಫಿ ಗಿಡ ಕಸಿ ಬಗ್ಗೆ ಹೇಳೋಕೆ ನನ್ನನ್ನ ಸಂಪನ್ಮೂಲ ವ್ಯಕ್ತಿ ಅಂತ ಕರೆದಿದ್ರು. (ನರ್ಸರಿಯವರು ಕೋಪ ಮಾಡ್ಕೋಬೇಡಿ, ನಮ್ಮ ಕಾಫಿ ಸೀಮೆಯಲ್ಲಿ ಕಸಿ ಅಂದ್ರೆ ಗಿಡ ಸವರೋದು.) ಮೂರು ದಿನದ ತರಬೇತಿ. ಉದ್ಘಾಟನೆ, ಪಿಪಿಟಿ, ಊಟ, ಮತ್ತೆ ಪಿಪಿಟಿ, ಕೊನೆಗೆ ಗುಂಪು ಫೋಟೊ. ಕಿಟ್‌ನಲ್ಲಿ ಕೊಟ್ಟ ಹೊಸ ಕತ್ತರಿ ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬರಲೇ ಇಲ್ಲ. ನೂರು ಅಡಿ ದೂರದಲ್ಲಿ ತೋಟ ಇತ್ತು.

ಹಾಗಾಗಿ ಯಾವುದೇ ತರಬೇತಿಗೆ ಹೆಸರು ಕೊಡುವ ಮೊದಲು ಒಂದು ಫೋನ್ ಮಾಡಿ. ಎಷ್ಟು ಗಂಟೆ ತೋಟದಲ್ಲಿ, ಎಷ್ಟು ಗಂಟೆ ಕುರ್ಚಿ ಮೇಲೆ ಅಂತ ಕೇಳಿ. ಕಲಿಸೋರು ಆ ಕೆಲಸ ಮಾಡಿ ಬದುಕಿದವರಾ ಅಂತ ಕೇಳಿ. ಹೋದ ಬ್ಯಾಚಿನ ಇಬ್ಬರ ನಂಬರ್ ಕೊಡಿ, ಮಾತಾಡ್ತೀನಿ ಅನ್ನಿ. ಈ ಕೊನೇ ಪ್ರಶ್ನೆಗೆ ಅವರು ತಡವರಿಸಿದರೆ ನಿಮ್ಮ ಏಳು ದಿನ ಉಳಿಸ್ಕೊಳ್ಳಿ. ದುಡ್ಡು ಕಟ್ಟಿಸ್ಕೊಂಡು ಕೆಲಸ ಗ್ಯಾರಂಟಿ ಅನ್ನುವ ಮೆಸೇಜ್ ಬಂದರೆ ಯೋಚನೆ ಮಾಡೋದೇ ಬೇಡ.

ಡ್ರೋನ್ ಬಗ್ಗೆ ತುಂಬಾ ಜನ ಕೇಳ್ತಾರೆ, ಅದನ್ನೂ ಹೇಳ್ತೀನಿ. ಡ್ರೋನ್ ಪೈಲಟ್ ಆಗೋಕೆ 18 ವರ್ಷ ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಡಿಜಿಸಿಎ ಅನುಮತಿ ಇರುವ ಸಂಸ್ಥೆಯಲ್ಲೇ ಕಲೀಬೇಕು. ಬೇರೆ ಕಡೆ ಕೊಡೋ ಸರ್ಟಿಫಿಕೇಟ್ ಗೋಡೆಗೆ ಅಷ್ಟೇ. ಬಯಲುಸೀಮೆಯ ಹೊಲಕ್ಕೆ, ಗದ್ದೆಗೆ ಅದರಿಂದ ಕೆಲಸ ಆಗುತ್ತೆ. ಎರಡು ಹಂತದ ನೆರಳಿನ ಕೆಳಗಿರೋ ಕಾಫಿಗೆ ಮೇಲಿಂದ ಹೊಡೆದರೆ ಔಷಧಿ ಸಿಲ್ವರ್ ಓಕ್ ತಲೆಗೆ ಅಭಿಷೇಕ ಆಗುತ್ತೆ. ರೀಲ್ಸ್ ನೋಡಿ ಸಾಲ ಮಾಡೋ ಮೊದಲು ನಿಮ್ಮ ಸುತ್ತಿನ ಹತ್ತು ತೋಟದವರನ್ನ ಕೇಳಿ, ಎಕರೆಗೆ ಎಷ್ಟು ಕೊಡ್ತೀರಿ ಅಂತ.

ವಿಟ್ಲದಲ್ಲಿ ಆಗಿದ್ದು ಇಲ್ಲಿ ಯಾಕಾಗಲ್ಲ?

ಇದೇ ಸಮಸ್ಯೆ ಅಡಿಕೆಯವರಿಗೂ ಇತ್ತು. ಕೊನೆಗಾರರು ಸಿಗ್ತಿರಲಿಲ್ಲ, ಬೋರ್ಡೋ ಹೊಡೆಯೋಕೆ ಜನ ಇಲ್ಲ. 2018ರಲ್ಲಿ ವಿಟ್ಲದ ಸಿಪಿಸಿಆರ್‌ಐ ಆವರಣದಲ್ಲಿ ಕ್ಯಾಂಪ್ಕೊ ಮತ್ತಿತರರು ಸೇರಿ 'ಅಡಿಕೆ ಕೌಶಲ್ಯ ಪಡೆ' ಅಂತ ಶಿಬಿರ ಮಾಡಿದ್ರು. ಹುಡುಗರನ್ನ ಆರಿಸಿ ಮರ ಹತ್ತಿಸಿಯೇ ಕಲಿಸಿದ್ರು. ನನಗೆ ಮುಖ್ಯ ಅನ್ನಿಸೋದು ಆ ಹೆಸರು. ಕೂಲಿ ಅನ್ನಲಿಲ್ಲ, ಪಡೆ ಅಂದ್ರು. ಅದಕ್ಕೂ ಮೊದಲೇ, 2011ರಲ್ಲಿ, ತೆಂಗು ಅಭಿವೃದ್ಧಿ ಮಂಡಳಿ ಕೇರಳದಲ್ಲಿ 'ತೆಂಗಿನ ಮರದ ಸ್ನೇಹಿತರು' ಅನ್ನೋ ಅರ್ಥದ ಹೆಸರಿಟ್ಟು ತರಬೇತಿ ಶುರು ಮಾಡಿತ್ತು. ಆರು ದಿನ ಕಲಿಕೆ, ಹತ್ತುವ ಯಂತ್ರ, ಜೊತೆಗೆ ಅಪಘಾತ ವಿಮೆ. ವಿಮೆ ಇದ್ದಿದ್ದಕ್ಕೆ ಮನೆಯವರು ಒಪ್ಪಿ ಕಳಿಸಿದ್ರು ಅಂತ ಲೆಕ್ಕ ಹಾಕೋಕೆ ದೊಡ್ಡ ಬುದ್ಧಿ ಬೇಡ.

ಕಾಫಿಯಲ್ಲಿ ಇಂಥದ್ದೊಂದು 'ಮರಗಸಿ ಪಡೆ' ಯಾಕಿಲ್ಲ? ದೇಶದ ಕಾಫಿಯಲ್ಲಿ ಸುಮಾರು 70 ಭಾಗ ಬೆಳೆಯೋ ರಾಜ್ಯ ನಮ್ಮದು. ಸಂಶೋಧನಾ ಸಂಸ್ಥೆ ಇದೆ, ಕಾಲೇಜು ಇದೆ, ಹೋಬಳಿಗೊಂದು ಬೆಳೆಗಾರರ ಸಂಘ ಇದೆ, ಸಹಕಾರ ಸಂಘ ಇದೆ. ಇಲ್ಲದಿರೋದು ಒಂದೇ, ಗುರುವಿನ ಕುರ್ಚಿಯಲ್ಲಿ ಸರಿಯಾದ ಮನುಷ್ಯ. ಮರಗಸಿ ಕಲಿಸಬೇಕಾದವರು ಲೈನ್ ಮನೆಯಲ್ಲಿದ್ದಾರೆ. ಅವರಲ್ಲಿ ಹಲವರು ಎಸ್ಸೆಸ್ಸೆಲ್ಸಿ ಕಟ್ಟಿದವರಲ್ಲ, ಹಾಗಾಗಿ 'ತರಬೇತುದಾರ' ಅನ್ನೋ ಕಾಲಂನಲ್ಲಿ ಅವರ ಹೆಸರು ಬರಲ್ಲ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಆರ್‌ಪಿಎಲ್ ಅಂತ ಒಂದು ದಾರಿ ಇದೆ. ಶಾಲೆಯಲ್ಲಿ ಕಲಿಯದೆ ಕೆಲಸದಲ್ಲೇ ಕಲಿತವರ ಕೌಶಲ್ಯವನ್ನು ಪರೀಕ್ಷಿಸಿ ಮಾನ್ಯತೆ ಕೊಡೋದು. ಸಂಘದವರು ಮನಸ್ಸು ಮಾಡಿ ಇಂಥ ಹಿರಿಯರಿಗೆ ಮೊದಲು ಆ ಮಾನ್ಯತೆ ಕೊಡಿಸಬೇಕು. ಆಮೇಲೆ ಕಲಿಸಿದ ದಿನಕ್ಕೆ ಬೇರೆ ಸಂಬಳ ಕೊಡಬೇಕು, ಕಸಿ ಮಾಡಿದ ದಿನದ ಕೂಲಿಗಿಂತ ಜಾಸ್ತಿ. 'ಅವನ ಜೊತೆ ಹೋಗು, ನೋಡಿ ಕಲಿ' ಅಂತ ಪುಕ್ಕಟೆ ಕಲಿಸೋ ಕಾಲ ಹೋಯ್ತು.

ಯಂತ್ರದ ಕಡೆಯೂ ಇದೇ ಕತೆ. ಹಣ್ಣು ಕೊಯ್ದ ದಿನವೇ ಪಲ್ಪಿಂಗ್ ಆಗಬೇಕು. ಡಿಸೆಂಬರ್‌ನಲ್ಲಿ ಪಲ್ಪರ್ ನಿಂತರೆ ಮಲೆನಾಡಿನ ಮೂಲೆಯ ತೋಟಕ್ಕೆ ಮೆಕ್ಯಾನಿಕ್ ಬರೋಷ್ಟರಲ್ಲಿ ಹಣ್ಣು ಹುಳಿ ಹಿಡಿದಿರುತ್ತೆ. ಹೂವಿಗೆ ನೀರು ಕೊಡುವ ಹದಿನೈದು ದಿನದಲ್ಲಿ ಎಂಜಿನ್ ಕೈಕೊಟ್ಟರೆ ಒಂದು ವರ್ಷದ ಫಸಲಿನ ಮಾತು. ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದಾಗ ಕಳಸದ ಪಕ್ಕದಲ್ಲೇ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳ ಊರೇ ಇತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕಾಡಿಗೆ ಒಳ್ಳೇದಾಯ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದ್ರೆ ಆ ಕೈಗಳು ಚದುರಿ ಹೋದ್ವು, ಆ ಜಾಗಕ್ಕೆ ಬೇರೆ ಕೈಗಳು ಬರಲಿಲ್ಲ. ಇವತ್ತು ಐಟಿಐ ಮುಗಿಸಿದ ಹುಡುಗ ಬೈಕಲ್ಲಿ ಟೂಲ್ ಬ್ಯಾಗ್ ಇಟ್ಕೊಂಡು ಪಲ್ಪರ್, ಕಳೆ ಕೊಚ್ಚುವ ಯಂತ್ರ, ಸ್ಪ್ರೇಯರ್, ಪಂಪ್‌ಸೆಟ್ ನೋಡ್ತೀನಿ ಅಂತ ಕಳಸ ಸುತ್ತ ನಿಂತರೆ ಸೀಸನ್‌ನಲ್ಲಿ ಊಟಕ್ಕೆ ಪುರುಸೊತ್ತಿರಲ್ಲ. ನವೆಂಬರ್‌ಗೆ ಮೊದಲೇ ಹತ್ತು ತೋಟದ ಪಲ್ಪರ್ ಬಿಚ್ಚಿ ಸರ್ವಿಸ್ ಮಾಡಿಕೊಡ್ತೀನಿ ಅಂತ ಒಪ್ಪಂದ ಮಾಡ್ಕೊಂಡರೆ ಇನ್ನೂ ಒಳ್ಳೇದು.

ಓದಿದವರಿಗೆ

ತೋಟಗಾರಿಕೆ, ಕೃಷಿ ಓದಿದವರದು ಬೇರೆ ಥರದ ಕಾಯುವಿಕೆ. ನನ್ನ ಜೊತೆ ಓದಿದವರಲ್ಲಿ ಕೆಲವರು ಧಾರವಾಡ, ವಿಜಯನಗರದ ಕೋಚಿಂಗ್ ರೂಮುಗಳಲ್ಲಿ ವರ್ಷಗಟ್ಟಲೆ ಕೆಪಿಎಸ್‌ಸಿ ನೋಟಿಫಿಕೇಷನ್ ಕಾದರು. ಪರೀಕ್ಷೆ ಬರೀಬೇಡಿ ಅನ್ನಲ್ಲ. ಬರೆಯೋ ಜೊತೆಗೆ ಊರಲ್ಲೇ ಏನಿದೆ ಅಂತ ನೋಡಿ.

ನನಗೆ ಹತ್ತಿರದಿಂದ ಗೊತ್ತಿರೋದು ಸಾವಯವದ ಕೆಲಸ. ಎನ್‌ಪಿಒಪಿ ನಿಯಮದಲ್ಲಿ ರೈತರ ಗುಂಪು ಪ್ರಮಾಣೀಕರಣ ಪಡೀಬೇಕಾದ್ರೆ ಗುಂಪಿನಲ್ಲಿ 25ರಿಂದ 500 ರೈತರು ಇರಬಹುದು. ಆ ಗುಂಪಿಗೆ ಒಂದು ಆಂತರಿಕ ನಿಯಂತ್ರಣ ವ್ಯವಸ್ಥೆ ಇರಲೇಬೇಕು, ಅದರಲ್ಲಿ ಆಂತರಿಕ ತಪಾಸಕರು ಇರಲೇಬೇಕು. ಅವರು ವರ್ಷಕ್ಕೆ ಎರಡು ಸಲವಾದರೂ ತೋಟ ನೋಡಬೇಕು, ಏನು ಹಾಕಿದ್ದಾರೆ ಅಂತ ಬರೀಬೇಕು, ಪಕ್ಕದ ತೋಟದಿಂದ ಔಷಧಿ ಹಾರಿ ಬರುತ್ತಾ ನೋಡಬೇಕು, ಇಳುವರಿ ಅಂದಾಜು ಮಾಡಬೇಕು. ಬೋರ್ಡೋ ಎಷ್ಟು ಸಿಂಪಡಿಸಬಹುದು, ಎಷ್ಟಾದರೆ ಜಾಸ್ತಿ ಅಂತ ಗೊತ್ತಿರಬೇಕು. ಈ ಕೆಲಸಕ್ಕೆ ಬೆಂಗಳೂರಿನಿಂದ ಬಂದವರಿಗಿಂತ ಊರಿನ ದಾರಿ, ಊರಿನ ಮಾತು ಗೊತ್ತಿರೋ ಪದವೀಧರ ಹತ್ತು ಪಟ್ಟು ವಾಸಿ. ಇಂಥವರು ಸಿಗದೆ ಒದ್ದಾಡುವ ಗುಂಪುಗಳನ್ನ ನಾನು ನೋಡಿದ್ದೀನಿ. ಪೇಪರಲ್ಲಿ ಜಾಹೀರಾತು ಮಾತ್ರ ಬರಲ್ಲ.

ಇನ್ನೊಂದು, ಯೂರೋಪಿನ ಅರಣ್ಯನಾಶ ತಡೆ ಕಾಯ್ದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗೋ ಹಾಗಿಲ್ಲ. ಪ್ರತಿ ತೋಟದ ಅಕ್ಷಾಂಶ ರೇಖಾಂಶ ಬೇಕು, 4 ಹೆಕ್ಟೇರ್‌ಗಿಂತ ದೊಡ್ಡದಾದ್ರೆ ಸುತ್ತಳತೆಯ ನಕ್ಷೆಯೇ ಬೇಕು. ಜಾರಿ ದಿನಾಂಕ ಎರಡು ಸಲ ಮುಂದೆ ಹೋಗಿದೆ, ಅದಕ್ಕೆ ಜನ ಹಗುರ ಮಾಡಿದ್ದಾರೆ. ಆದ್ರೆ ನಮ್ಮ ಕಾಫಿಗೆ ದೊಡ್ಡ ಗಿರಾಕಿ ಯೂರೋಪೇ, ಅದರಲ್ಲೂ ಇಟಲಿ. ಕಾಫಿ ಮಂಡಳಿ ಆ್ಯಪ್‌ನಲ್ಲಿ ಬೆಳೆಗಾರರ ನೋಂದಣಿ ಮಾಡ್ತಿದೆ. ಅರವತ್ತು ದಾಟಿದ ಎರಡೆಕರೆ ಬೆಳೆಗಾರರು ಇದನ್ನು ತಾವೇ ಮಾಡ್ತಾರಾ? ಪಹಣಿ, ನಕ್ಷೆ, ಫೋನ್ ಮೂರೂ ಒಟ್ಟಿಗೆ ಹಿಡಿದು ತೋಟದ ಗಡಿ ನಡೆಯೋಕೆ ಗೊತ್ತಿರುವವರು ಒಂದು ಹಳ್ಳಿಗೆ ಒಬ್ಬರಾದರೂ ಬೇಕು. ನಿಮ್ಮ ಕೈಯಲ್ಲಿರೋ ಫೋನ್ ಸಾಕು. ತೋಟಕ್ಕಿಷ್ಟು ಅಂತ ದುಡ್ಡು ತಗೊಳ್ಳಿ, ನಾಚಿಕೆ ಬೇಡ.

ರುಚಿಯಲ್ಲಿ ಆಸಕ್ತಿ ಇದ್ದವರಿಗೆ ಕಾಫಿ ಮಂಡಳಿಯದೇ ಒಂದು ವರ್ಷದ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ, ವಿಜ್ಞಾನ ಅಥವಾ ಕೃಷಿ ಪದವೀಧರರಿಗೆ. ಸೀಟು ಕಡಿಮೆ. ಸ್ವಂತ ಸೇವಾ ಕೇಂದ್ರ ತೆರೆಯೋ ಮನಸ್ಸಿದ್ದರೆ 2002ರಿಂದ ಇರುವ ಅಗ್ರಿ ಕ್ಲಿನಿಕ್ ಯೋಜನೆ ನೋಡಿ. 45 ದಿನದ ಉಚಿತ ತರಬೇತಿ, ಆಮೇಲೆ ಬ್ಯಾಂಕ್ ಸಾಲಕ್ಕೆ 36 ಭಾಗ ಸಬ್ಸಿಡಿ, ಮಹಿಳೆಯರಿಗೆ, ಪರಿಶಿಷ್ಟರಿಗೆ 44 ಭಾಗ. ಮರಗಸಿ, ಕೊರಕ ತಪಾಸಣೆ, ಯಂತ್ರ ರಿಪೇರಿ ಮಾಡೋ ಐದಾರು ಹುಡುಗರ ತಂಡ ಕಟ್ಟಿ ಅದನ್ನೇ ಕ್ಲಿನಿಕ್ ಅಂತ ನಡೆಸೋ ಪದವೀಧರ ನಮ್ಮ ಸೀಮೆಗೆ ಬೇಕಾಗಿದ್ದಾನೆ, ಬೇಕಾಗಿದ್ದಾಳೆ.

ಹುಡುಕೋದು ಎಲ್ಲಿ ಅಂದ್ರೆ, ಜಾಬ್ ಆ್ಯಪ್‌ನಲ್ಲಿ ಮರಗಸಿ ಅಂತ ಹಾಕಿದರೆ ಏನೂ ಬರಲ್ಲ. ಕಾಫಿ ಮಂಡಳಿಯ ಸಂಪರ್ಕ ಕಚೇರಿ, ಕ್ಯೂರಿಂಗ್ ವರ್ಕ್ಸ್, ಗೊಬ್ಬರದ ಅಂಗಡಿ, ದೊಡ್ಡ ತೋಟದ ರೈಟರ್, ಈ ನಾಲ್ಕು ಕಡೆ ನಿಮ್ಮ ಹೆಸರು ನಂಬರ್ ಇರಲಿ. ಬಯೋಡೇಟಾ ಬೇಡ. ನೀವು ಕಸಿ ಮಾಡಿದ ಗಿಡದ ಮೊದಲು, ಆಮೇಲೆ ಎರಡು ಫೋಟೊ ಸಾಕು.

ತೋಟದವರಿಗೂ ಒಂದು ಮಾತಿದೆ, ನಿಮ್ಮಲ್ಲಿ ತುಂಬಾ ಜನ ಅಪ್ಪನ ತೋಟ ನೋಡ್ಕೊಳ್ತಿರೋರೇ ತಾನೆ. ಹತ್ತು ಸಣ್ಣ ತೋಟದವರು ಸೇರಿ ಐದು ಜನರ ಒಂದು ತಂಡಕ್ಕೆ ವರ್ಷದ ಕೆಲಸ ಬರೆದುಕೊಡಿ. ನವೆಂಬರ್‌ನಿಂದ ಫೆಬ್ರವರಿ ಕೊಯ್ಲು, ಪಲ್ಪಿಂಗ್, ಕಣ. ಫೆಬ್ರವರಿ ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್, ಮೆಣಸು, ಮತ್ತು ಕೊರಕದ ದುಂಬಿ ಹಾರುವ ಮೊದಲು ಹುಳ ಬಿದ್ದ ಗಿಡ ಗುರುತಿಸಿ ಕಿತ್ತು ಸುಡೋದು. ಏಪ್ರಿಲ್‌ನಲ್ಲಿ ಗಿಡ ಕಸಿ, ಮೇನಲ್ಲಿ ಮರಗಸಿ, ಜೂನ್ ಶುರುವಿಗೆ ಅಡಿಕೆಗೆ ಬೋರ್ಡೋ. ಆಗಸ್ಟ್ ಸೆಪ್ಟೆಂಬರ್ ಚಿಗುರು ತೆಗೆಯೋದು, ಮತ್ತೊಮ್ಮೆ ಕೊರಕದ ತಪಾಸಣೆ. ತಂಡದ ಪ್ರತಿಯೊಬ್ಬರ ಬ್ಯಾಂಕ್ ಖಾತೆಯಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಅದು ಸಾಕಾಗಲ್ಲ, ಮೇಲೊಂದು ಅಪಘಾತ ಪಾಲಿಸಿ ಹತ್ತು ತೋಟದವರು ಹಂಚ್ಕೊಂಡು ಮಾಡಿಸಿ. ಬೆಲ್ಟ್, ಹಗ್ಗ, ಹೆಲ್ಮೆಟ್ ತೋಟದ ಖರ್ಚು, ಹುಡುಗನದ್ದಲ್ಲ.

ಇನ್ನು ಜುಲೈ. ಕಳಸದ ಮಳೆಯಲ್ಲಿ ಮರ ಹತ್ತೋಕಾಗಲ್ಲ, ಕರೆಂಟಿರಲ್ಲ, ಹೊರಗಿನ ಕೆಲಸ ನಿಂತೇ ಹೋಗುತ್ತೆ. ಆ ತಿಂಗಳು ಶೆಡ್ಡಿನೊಳಗೆ ಯಂತ್ರ ಬಿಚ್ಚಿ ಸರ್ವಿಸ್ ಮಾಡಬಹುದು, ಸೊರಗು ರೋಗ ತಡೆಯೋ ಕೊಲುಬ್ರಿನಮ್ ಬೇರುಸಸಿಗೆ ಮೆಣಸು ಕಟ್ಟೋ ಕಸಿ ಕಲಿಸಬಹುದು. ಐದು ಜನರಿಗೆ ಪೂರ್ತಿ ತಿಂಗಳ ಸಂಬಳ ಅದರಲ್ಲಿ ಹುಟ್ಟೋದು ಕಷ್ಟ. ಈ ಒಂದು ತಿಂಗಳಿಗೆ ಅರ್ಧ ಸಂಬಳವನ್ನಾದರೂ ಹತ್ತು ತೋಟ ಹಂಚ್ಕೊಂಡು ಕೊಡದಿದ್ದರೆ ಹುಡುಗರು ಜುಲೈನಲ್ಲಿ ಬೆಂಗಳೂರು ಬಸ್ ಹತ್ತುತ್ತಾರೆ, ನವೆಂಬರ್‌ನಲ್ಲಿ ಫೋನ್ ಎತ್ತಲ್ಲ.